ಫಿಯೆಟ್‌ಗೆ ಜಿಪ್ಸಿ ಎಂಜಿನ್ ಕೂರಿಸಿದ ಮೇಲೆ ಹೆಡರ್ ಕಟ್ಟುವ ಕೆಲಸ

ಹೆಡರ್ ಅಂದರೆ ಎಂಜಿನಿನ ಹೊಗೆಯನ್ನು ಬೇರೆ ಬೇರೆ ಪೈಪಿನಲ್ಲಿ ಹೊರತಂದು ಕೊನೆಗೆ ಒಂದೇ ಪೈಪಿಗೆ ಸೇರಿಸುವ ಜೋಡಣೆ. ಎಂಜಿನ್ ಬದಲಿಸಿದ ಹಳೆ ಕಾರಿಗೆ ಹೆಡರ್ ಬೇಕಾಗುವುದು ಪವರಿಗಲ್ಲ, ಜಾಗಕ್ಕೆ. ಹೊಸ ಎಂಜಿನಿನ ಜೊತೆ ಬಂದ ಎರಕದ ಮ್ಯಾನಿಫೋಲ್ಡ್ (ಅದೇ ಕೆಲಸ ಮಾಡುವ ಒಂದೇ ತುಂಡು) ಬೇರೆ ಯಾವುದೋ ಬಾಡಿಯ ಅಳತೆಗೆ ಮಾಡಿದ್ದು. ಅದರ ಬಾಯಿ ಕೆಳಗೆ ಇಳಿಯುವ ಕಡೆ ನಿಮ್ಮ ಕಾರಿನಲ್ಲಿ ಕ್ರಾಸ್ ಮೆಂಬರ್ (ಎಂಜಿನಿನ ಕೆಳಗೆ ಅಡ್ಡ ಹಾಯುವ ತೊಲೆ) ಇರುತ್ತದೆ, ಇಲ್ಲವೇ ಸ್ಟಿಯರಿಂಗಿನ ಯಾವುದಾದರೂ ರಾಡ್ ಇರುತ್ತದೆ. ಆಗ ಹೊಗೆಗೆ ಬೇರೆ ದಾರಿ ಮಾಡಿಕೊಡಲೇಬೇಕು. 'ಅಣ್ಣಾ, ಹೆಡರ್ ಹಾಕಿದರೆ ಎಷ್ಟು ಪವರ್ ಜಾಸ್ತಿ ಆಗುತ್ತದೆ?' ಎಂದು ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಮ್ಯಾನಿಫೋಲ್ಡ್ ಎಲ್ಲೂ ತಾಗದೆ ಕೂತರೆ ಅದನ್ನೇ ಬಿಡಿ, ಆ ದುಡ್ಡನ್ನು ಬ್ರೇಕಿಗೆ ಹಾಕಿ.

ನಮ್ಮ ವರ್ಕ್‌ಶಾಪ್ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿದೆ. ಒಂದು ಲೇತ್, ಒಂದು ಟಿಗ್ ಮೆಷಿನ್ (ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಬೆಸುಗೆ ಹಾಕುವ ಯಂತ್ರ), ತಗಡಿನ ಮಾಡು. ಇಲ್ಲಿ ಬರೆದಿರುವುದು ನಿವೃತ್ತ ಮಾಷ್ಟ್ರೊಬ್ಬರ ಪ್ರೀಮಿಯರ್ ಪದ್ಮಿನಿಗೆ, ಅಂದರೆ ನಾವೆಲ್ಲ ಫಿಯೆಟ್ ಅನ್ನುವ ಕಾರಿಗೆ, ಮಾಡಿದ ಕೆಲಸ. ಅದರ 1089 ಸಿಸಿ ಎಂಜಿನಿನ ಬ್ಲಾಕ್ ಒಡೆದಿತ್ತು. ಮಾಷ್ಟ್ರಿಗೆ ಕಾರು ಮಾರುವ ಮನಸ್ಸಿಲ್ಲ. ಮಿಲಿಟರಿ ಹರಾಜಿನಲ್ಲಿ ಬಂದ ಒಂದು ಮಾರುತಿ ಜಿಪ್ಸಿಯ 1298 ಸಿಸಿ, 16 ವಾಲ್ವಿನ ಎಂಪಿಎಫ್ಐ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವ) ಎಂಜಿನ್ ಸಿಕ್ಕಿತು. ಜಿಪ್ಸಿ ಎಂಜಿನ್ ಹಳೆ ಕಾರುಗಳಿಗೆ ಒಗ್ಗುವುದಕ್ಕೆ ಕಾರಣ ಇದೆ. ಅದು ಉದ್ದಕ್ಕೆ ಕೂರುವ ಎಂಜಿನ್. ನಾಲ್ಕು ಚಕ್ರಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಚಿಕ್ಕ ಶಾಫ್ಟ್ ಇದೆ. ಟ್ರಾನ್ಸ್‌ಫರ್ ಕೇಸನ್ನು ಬಿಟ್ಟು ಗೇರ್‌ಬಾಕ್ಸಿನಿಂದ ನೇರ ಹಿಂದಿನ ಆಕ್ಸಲಿಗೆ ಪ್ರೊಪೆಲ್ಲರ್ ಶಾಫ್ಟ್ ಕೊಡಬಹುದು.

ಕಾಗದದ ವಿಷಯ ಮೊದಲು ಮುಗಿಸುತ್ತೇನೆ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದರ ಬಗ್ಗೆಯೇ ಇರುವುದು. ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು, ಇಲ್ಲದಿದ್ದರೆ ಇನ್ಶೂರೆನ್ಸ್ ಕೈಕೊಡುತ್ತದೆ. ನಮ್ಮ ಕಾಸರಗೋಡಿನವರಿಗೆ ಇದು ಇನ್ನೂ ಮುಖ್ಯ. ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ನಮಗೆ ದಿನನಿತ್ಯದ ಮಾತು, ಎರಡು ರಾಜ್ಯದ ಪೊಲೀಸರೂ ಕೈ ತೋರಿಸಬಹುದು. ಇನ್ನೊಂದು ವಿಷಯ. 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮದಲ್ಲಿ 50 ವರ್ಷ ಮೀರಿದ ಕಾರಿಗೆ ಬೇರೆಯೇ ನಂಬರ್ ಪ್ಲೇಟ್ ಇದೆ. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನಿಮ್ಮ ಕಾರು ಆ ವಯಸ್ಸಿಗೆ ಹತ್ತಿರ ಇದ್ದರೆ ಎಂಜಿನ್ ಬಿಚ್ಚುವ ಮುಂಚೆ ಎರಡು ಸಲ ಯೋಚಿಸಿ.

ಹೆಡರ್ ಕೊನೆಗೆ

ಕಾರಿಗೆ ಬೇಕಾದ ಬೇರೆ ಎಲ್ಲವೂ ಕೂತ ಮೇಲೆ ಉಳಿದ ಜಾಗ ಹೆಡರಿನದು. ಎಂಜಿನ್ ಹಗ್ಗದಲ್ಲಿ ನೇತಾಡುವಾಗಲೇ ಪೈಪ್ ಬಗ್ಗಿಸಲು ಹೊರಡುವವರನ್ನು ತುಂಬ ನೋಡಿದ್ದೇನೆ. ಫೌಂಡೇಶನ್ ರಬ್ಬರ್ (ಎಂಜಿನ್ ಕೂರುವ ರಬ್ಬರ್) ಮೇಲೆ ಪೂರ್ತಿ ಭಾರ ಬಿದ್ದಾಗ ಎಂಜಿನ್ ಸ್ವಲ್ಪ ಕೆಳಗಿಳಿಯುತ್ತದೆ. ಆ ಅಷ್ಟೇ ಇಳಿತಕ್ಕೆ ಪೈಪ್ ಕ್ರಾಸ್ ಮೆಂಬರಿಗೆ ಕೂತುಬಿಡಬಹುದು. ಹಾಗಾಗಿ ಮೊದಲು ಹೊಸ ರಬ್ಬರ್, ಗೇರ್‌ಬಾಕ್ಸಿನ ಬ್ರಾಕೆಟ್, ಪ್ರೊಪೆಲ್ಲರ್ ಶಾಫ್ಟ್, ಸ್ಟಾರ್ಟರ್, ಕ್ಲಚ್ ಕೇಬಲ್, ಬ್ರೇಕ್ ಪೈಪ್, ಪೆಟ್ರೋಲ್ ಲೈನ್ ಎಲ್ಲ ಅದರದರ ಜಾಗದಲ್ಲಿ ಇರಲಿ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರಲಿ, ಜಾಕಿಯ ಮೇಲಲ್ಲ. ಚಕ್ರ ನೇತಾಡುವಾಗ ಸಸ್ಪೆನ್ಶನ್ ತೋಳುಗಳು ಬೇರೆ ಜಾಗದಲ್ಲಿ ಇರುತ್ತವೆ.

ಜಿಪ್ಸಿ ಎಂಜಿನಿನಲ್ಲಿ ಗಾಳಿ ಒಳಗೆ ಹೋಗುವುದು ಒಂದು ಕಡೆ, ಹೊಗೆ ಹೊರಗೆ ಬರುವುದು ಇನ್ನೊಂದು ಕಡೆ. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಹೊಗೆಯ ಕಡೆ ಎಡಕ್ಕೆ. ನಮ್ಮ ಕಾರುಗಳಿಗೆ ಇದು ಅದೃಷ್ಟ. ಸ್ಟಿಯರಿಂಗ್ ಬಾಕ್ಸ್, ಪೆಡಲ್ ಎಲ್ಲ ಬಲಕ್ಕೆ ಇರುತ್ತವೆ. ಎಡಕ್ಕೆ ಉಳಿಯುವ ತೊಂದರೆ ಸ್ಟಿಯರಿಂಗಿನ ಐಡ್ಲರ್ ಆರ್ಮ್ (ರಾಡಿನ ಆಚೆ ತುದಿ ಹಿಡಿಯುವ ತೋಳು), ಬಾಡಿಯ ಉದ್ದದ ರೈಲ್, ಮತ್ತೆ ಕ್ಲಚ್ ಹೌಸಿಂಗಿನ ಉಬ್ಬು. ನಿಮ್ಮ ಎಂಜಿನಿನ ಹೊಗೆಯ ಕಡೆ ಬಲಕ್ಕೆ ಬಂದರೆ ಕೆಲಸ ಎರಡರಷ್ಟು. ಸ್ಟಿಯರಿಂಗ್ ಶಾಫ್ಟಿನ ಮೇಲೆ ಎರಡು ಪೈಪ್, ಕೆಳಗೆ ಎರಡು ಪೈಪ್ ಹಾಯಿಸಬೇಕಾಗಬಹುದು. ಆ ಹೆಡರನ್ನು ಬಿಚ್ಚಬೇಕಾದಾಗೆಲ್ಲ ಸ್ಟಿಯರಿಂಗನ್ನೂ ಬಿಚ್ಚಬೇಕಾದೀತು.

ಅಂಬಾಸಿಡರಿನ ಹಳೆ 1489 ಸಿಸಿ ಎಂಜಿನಿಗೆ ನಾಲ್ಕು ಪೈಪಿನ ಹೆಡರ್ ಬೇಕು ಅಂತ ಕೇಳಿಕೊಂಡು ಬರುವವರಿದ್ದಾರೆ. ಅದರ ಹೆಡ್ಡಿನಲ್ಲಿ, ಅಂದರೆ ಸಿಲಿಂಡರುಗಳ ಮೇಲಿನ ಭಾಗದಲ್ಲಿ, ಹೊಗೆಗೆ ಇರುವುದೇ ಮೂರು ಬಾಯಿ. ನಡುವಿನ ಎರಡು ಸಿಲಿಂಡರ್ ಒಂದೇ ಬಾಯಿಯಲ್ಲಿ ಉಗುಳುತ್ತವೆ. ಅದಕ್ಕೆ ಮೂರು ಪೈಪ್, ನಡುವಿನದ್ದು ದಪ್ಪ. ಕೊಳ್ಳುವ ಮೊದಲು ಬಾಯಿ ಎಣಿಸಿ.

ಎಂಜಿನ್ ಕೂತಾದ ಮೇಲೆ ಒಂದು ಸಣ್ಣ ಪರೀಕ್ಷೆ. ಒಬ್ಬರು ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲಿ. ನೀವು ಕೆಳಗೆ ಮಲಗಿ ಚಾಕ್‌ಪೀಸಿನಿಂದ ಪ್ರತಿ ರಾಡಿನ ಓಡಾಟದ ಗಡಿಯನ್ನು ಬಾಡಿಯ ಮೇಲೆ ಗುರುತು ಮಾಡಿ. ಆಮೇಲೆ ಮುಂದಿನ ಬಂಪರಿನ ಮೇಲೆ ಇಬ್ಬರು ಕೂತು ಗಾಡಿ ತಗ್ಗಿಸಲಿ, ಮತ್ತೆ ಗುರುತು ಮಾಡಿ. ಆ ಗೆರೆಗಳ ಒಳಗೆ ಪೈಪ್ ಬರಬಾರದು.

ಎಂಜಿನ್ ಓಡುವಾಗ ಅಲುಗುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮುಂದಿನ ಗೇರಿನಲ್ಲಿ ಆಕ್ಸಲರೇಟರ್ ಒತ್ತಿದರೆ ಎಂಜಿನಿನ ಎಡಬದಿ ಮೇಲೇಳುತ್ತದೆ. ರಿವರ್ಸಿನಲ್ಲಿ ಅದೇ ಎಡಬದಿ ಕೆಳಗೆ ಒತ್ತುತ್ತದೆ. ಅಂದರೆ ಎಡಗಡೆಯ ಹೆಡರ್ ಕ್ರಾಸ್ ಮೆಂಬರಿಗೆ ಬಡಿಯುವುದು ಏರು ದಾರಿಯಲ್ಲಿ ಹಿಂದಕ್ಕೆ ಹೋಗುವಾಗ. ನಮ್ಮೂರಿನ ತೋಟದ ಮನೆಗಳ ಅಂಗಳದಿಂದ ರಸ್ತೆಗೆ ಬರಬೇಕಾದರೆ ಮಾಡಬೇಕಾದ್ದೇ ಅದು, ಅಲ್ವಾ? ಲೋಹಕ್ಕೂ ಲೋಹಕ್ಕೂ ನಡುವೆ 20ರಿಂದ 25 ಮಿಲಿಮೀಟರ್ ಬಿಡಿ. ಬ್ರೇಕ್ ಹೋಸ್, ಪೆಟ್ರೋಲ್ ಹೋಸ್, ವೈರಿಂಗ್ ಇದ್ದ ಕಡೆ 50ಕ್ಕಿಂತ ಕಡಿಮೆ ಬೇಡ. ಅಷ್ಟು ಜಾಗ ಇಲ್ಲದಿದ್ದರೆ ಹೋಸಿನ ದಾರಿ ಬದಲಿಸಿ.

ಪೈಪಿನ ಲೆಕ್ಕ

ನಾಲ್ಕು ಪೈಪ್ ನೇರ ಒಂದಕ್ಕೆ ಸೇರುವುದು ಒಂದು ರೀತಿ. ನಾಲ್ಕು ಎರಡಾಗಿ, ಎರಡು ಒಂದಾಗುವುದು ಇನ್ನೊಂದು. ಮೊದಲನೆಯದು ಎತ್ತರದ ಆರ್‌ಪಿಎಂನಲ್ಲಿ ಚೆನ್ನ. ಎರಡನೆಯದು ಕೆಳಗಿನ ಮತ್ತು ನಡುವಿನ ಎಳೆತಕ್ಕೆ ಒಳ್ಳೆಯದು. ಮುಳ್ಳೇರಿಯ, ಬಂದಡ್ಕ ಕಡೆಯ ಏರುಗಳಲ್ಲಿ ಓಡುವ ಕಾರಿಗೆ ನಾನು ಎರಡನೆಯದನ್ನೇ ಹಾಕುತ್ತೇನೆ. ಅದರಲ್ಲಿ ಯಾವುದರ ಜೊತೆ ಯಾವುದು ಸೇರಬೇಕು ಎನ್ನುವುದು ಮುಖ್ಯ. ಈ ಎಂಜಿನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಹಾಗಾಗಿ ಒಂದರ ಜೊತೆ ನಾಲ್ಕು, ಎರಡರ ಜೊತೆ ಮೂರು. ಹೀಗೆ ಸೇರಿಸಿದರೆ ಒಂದು ಜೋಡಿಯ ಎರಡು ಹೊಗೆಗಳ ನಡುವೆ ಸರಿಯಾಗಿ ಒಂದು ಸುತ್ತಿನ ಅಂತರ ಸಿಗುತ್ತದೆ, ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಅಕ್ಕಪಕ್ಕ ಇದೆ ಅಂತ ಒಂದು ಮತ್ತು ಎರಡನ್ನು ಸೇರಿಸಿದರೆ ನೋಡಲು ಚಂದ, ಕೆಲಸಕ್ಕೆ ಬಾರದು.

ಉದ್ದಕ್ಕೆ ಹಳೆಯ ಒಂದು ಸೂತ್ರ ಇದೆ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್, ಪಿಸ್ಟನ್ ಕೆಳಗೆ ಮುಟ್ಟುವ ಎಷ್ಟು ಡಿಗ್ರಿ ಮೊದಲು ತೆರೆಯುತ್ತದೆ ನೋಡಿ, ಅದಕ್ಕೆ 180 ಕೂಡಿಸಿ. ಬಂದದ್ದನ್ನು 850ರಿಂದ ಗುಣಿಸಿ, ನಿಮಗೆ ಎಳೆತ ಬೇಕಾದ ಆರ್‌ಪಿಎಂನಿಂದ ಭಾಗಿಸಿ, ಅದರಿಂದ 3 ಕಳೆಯಿರಿ. ಉತ್ತರ ಇಂಚಿನಲ್ಲಿ. ಉದಾಹರಣೆಗೆ ವಾಲ್ವ್ 50 ಡಿಗ್ರಿ ಮೊದಲು ತೆರೆದರೆ 230 ಆಯಿತು. 5000 ಆರ್‌ಪಿಎಂಗೆ ಲೆಕ್ಕ ಹಾಕಿದರೆ 36 ಇಂಚು ಬರುತ್ತದೆ. ಎರಡು ಹಂತದ ಹೆಡರಿನಲ್ಲಿ ಅದರಲ್ಲಿ 15 ಇಂಚು ಮೊದಲ ನಾಲ್ಕು ಪೈಪಿಗೆ, ಉಳಿದ 21 ಇಂಚು ಆಮೇಲಿನ ಎರಡಕ್ಕೆ. ಈ ಅಂಕಿಗಳನ್ನು ದೇವರ ವಾಕ್ಯ ಮಾಡಬೇಡಿ. ಫಿಯೆಟಿನ ಬಾನೆಟ್ಟಿನ ಕೆಳಗೆ ಪ್ರತಿ ಪೈಪೂ ಒಂದೇ ಅಳತೆಗೆ ಬರುವುದಿಲ್ಲ. ಅರ್ಧ-ಮುಕ್ಕಾಲು ಇಂಚು ಆಚೀಚೆ ಆದರೆ ರಸ್ತೆಯಲ್ಲಿ ಓಡುವ ಕಾರಿಗೆ ಗೊತ್ತೇ ಆಗುವುದಿಲ್ಲ. ಉದ್ದ ಸಮ ಮಾಡಲು ಪೈಪನ್ನು ಸುಮ್ನೆ ಸುತ್ತಾಡಿಸಿ ಸ್ಟಾರ್ಟರಿನ ಪಕ್ಕಕ್ಕೆ ತಂದು ನಿಲ್ಲಿಸುವುದು ಅದಕ್ಕಿಂತ ದೊಡ್ಡ ತೊಂದರೆ.

ದಪ್ಪದಲ್ಲಿ ಜನ ಹೆಚ್ಚು ಎಡವುತ್ತಾರೆ. 80 ಅಶ್ವಶಕ್ತಿಯ 1.3 ಲೀಟರ್ ಎಂಜಿನಿಗೆ ಮೊದಲ ಪೈಪ್ 35 ಮಿಲಿಮೀಟರ್, ಅಂದರೆ ಒಂದೂ ಮೂರು ಎಂಟನೇ ಇಂಚು ಸಾಕು. 38 ಸಿಕ್ಕಿದರೆ ಅದೂ ನಡೆಯುತ್ತದೆ. ಹಿಂದಿನ ಪೈಪ್ ಒಂದೂ ಮುಕ್ಕಾಲು ಇಂಚು. ಎರಡೂವರೆ ಇಂಚಿನ ಪೈಪ್ ಹಾಕಿಸಿಕೊಂಡು ಬರುವವರಿದ್ದಾರೆ. ಸದ್ದು ಬರುತ್ತದೆ, ಹೊಗೆಯ ವೇಗ ಬಿದ್ದುಹೋಗುತ್ತದೆ, ಏರಿನಲ್ಲಿ ಎರಡನೇ ಗೇರೂ ಸಾಲುವುದಿಲ್ಲ.

ಯಾವ ಲೋಹ

ನಮ್ಮ ಕಡೆ ವೆಲ್ಡಿಂಗ್ ಅಂಗಡಿಗೆ ಹೋಗಿ ಪೈಪ್ ಬೇಕು ಅಂದರೆ ಮೊದಲು ತೋರಿಸುವುದು ನೀರಿನ ಜಿಐ ಪೈಪ್. ಬೇಡವೇ ಬೇಡ. ಅದರ ಮೇಲಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಎಳೆದುಕೊಂಡವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಯಾಗುತ್ತದೆ ಎನ್ನುವ ಮಾತು ಎಲ್ಲ ವರ್ಕ್‌ಶಾಪಿನಲ್ಲೂ ಇದೆ, ಆದರೆ ಹಾಲಿಗೂ ಅದಕ್ಕೂ ಸಂಬಂಧ ಇಲ್ಲ.

ಉಳಿಯುವುದು ಎರಡು. ಕಪ್ಪು ಕಬ್ಬಿಣದ 16 ಗೇಜ್ ಪೈಪ್, ಅಂದರೆ 1.6 ಮಿಲಿಮೀಟರ್ ದಪ್ಪದ್ದು. ಇಲ್ಲವಾದರೆ 304 ಸ್ಟೇನ್‌ಲೆಸ್. ಘಟ್ಟದ ಮೇಲಿನವರಿಗೆ ಕಬ್ಬಿಣ ಸಾಕಾಗಬಹುದು. ನಮಗೆ ಒಂದು ಕಡೆ ಉಪ್ಪು ಗಾಳಿ, ಇನ್ನೊಂದು ಕಡೆ ಜೂನ್‌ನಿಂದ ಬಿಡದೆ ಸುರಿಯುವ ಮಳೆ. ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ನಿಲ್ಲುವ ಗಾಡಿಗೆ ನಾನು ಸ್ಟೇನ್‌ಲೆಸ್ ಬಿಟ್ಟು ಬೇರೆ ಹೇಳುವುದಿಲ್ಲ.

ಆದರೆ ಸ್ಟೇನ್‌ಲೆಸ್ಸಿಗೆ ಒಂದು ಗುಣ ಇದೆ. ಬಿಸಿಗೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಪೈಪ್ 600 ಡಿಗ್ರಿ ಬಿಸಿ ಏರಿದರೆ ಕಬ್ಬಿಣ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ ಐದು. ಎರಡೂ ತುದಿ ಗಟ್ಟಿಯಾಗಿ ಕಟ್ಟಿಹಾಕಿದರೆ ಆ ಐದು ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಬೆಸುಗೆಯ ಅಂಚಿನಲ್ಲಿ ಬಿರುಕಾಗುತ್ತದೆ. ಅದಕ್ಕೇ ಎರಡನೇ ಹಂತದ ಪೈಪುಗಳು ಒಂದಕ್ಕೊಂದು ಜಾರಿ ಕೂರುವ ಹಾಗೆ, ಒಳಗೊಂದು ಹೊರಗೊಂದು, ಸ್ಪ್ರಿಂಗ್ ಹಾಕಿ ಮಾಡುವುದು ಒಳ್ಳೆಯದು. ಒಳಗಿನ ಪೈಪಿನ ಬಾಯಿ ಹೊಗೆ ಹೋಗುವ ದಿಕ್ಕಿಗೆ ಇರಲಿ.

ಬೆಂಡುಗಳನ್ನು ಮ್ಯಾಂಡ್ರೆಲ್ (ಪೈಪ್ ಚಪ್ಪಟೆಯಾಗದ ಹಾಗೆ ಒಳಗಿಡುವ ಅಚ್ಚು) ಹಾಕಿ ಬಗ್ಗಿಸಿದ್ದೇ ತರಿಸಿ. ಒತ್ತಿ ಬಗ್ಗಿಸಿದ ಪೈಪ್ ಮಡಿಕೆಯಲ್ಲಿ ಚಪ್ಪಟೆಯಾಗಿರುತ್ತದೆ. ಮರಳು ತುಂಬಿ ಕಾಯಿಸಿ ಬಗ್ಗಿಸುವ ಹಳೆ ವಿಧಾನವೂ ಇದೆ. ಅದನ್ನು ಮಾಡುವುದಾದರೆ ಮರಳನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹಸಿ ಮರಳು ತುಂಬಿ ಎರಡೂ ಬಾಯಿ ಮುಚ್ಚಿ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ.

ಫ್ಲೇಂಜ್ ಮತ್ತು ಅಚ್ಚು

ಹೆಡ್ಡಿಗೆ ಕೂರುವ ಫ್ಲೇಂಜ್ 10 ಮಿಲಿಮೀಟರ್ ದಪ್ಪದ ಪ್ಲೇಟ್ ಆಗಿರಲಿ. ಆರು ಮಿಲಿಮೀಟರಿನದ್ದು ಅಗ್ಗ, ಆದರೆ ಬೆಸುಗೆ ಬಿಸಿಗೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಹೊಸ ಗ್ಯಾಸ್ಕೆಟ್ ತಂದು ಅದನ್ನೇ ಅಚ್ಚಾಗಿಟ್ಟು ಗೆರೆ ಎಳೆಯಿರಿ. ಬೈಕಂಪಾಡಿ ಕಡೆ ಲೇಸರ್ ಕಟಿಂಗ್ ಮಾಡಿಸಿಕೊಂಡರೆ ತೂತುಗಳು ಅಚ್ಚುಕಟ್ಟಾಗಿ ಬರುತ್ತವೆ. ಡ್ರಿಲ್ ಮತ್ತು ಅರದಲ್ಲೂ ಆಗುತ್ತದೆ, ತಾಳ್ಮೆ ಬೇಕು. ಫ್ಲೇಂಜಿನ ಬಾಯಿ ಹೆಡ್ಡಿನ ಬಾಯಿಗಿಂತ ಸುತ್ತಲೂ ಒಂದು ಮಿಲಿಮೀಟರ್ ದೊಡ್ಡದಿರಲಿ. ಚಿಕ್ಕದಾದರೆ ಹೊಗೆಗೆ ಮೆಟ್ಟಿಲು ಅಡ್ಡ ನಿಂತ ಹಾಗೆ. ಸ್ವಲ್ಪ ದೊಡ್ಡದಾದರೆ ಹಿಂದಕ್ಕೆ ಬರುವ ಹೊಗೆಗೇ ಅಡ್ಡಿ, ಅದು ನಮಗೆ ಬೇಕಾದ್ದೇ.

ಹೆಡ್ಡಿನ ಸ್ಟಡ್‌ಗಳು (ನಟ್ ಕೂರುವ ತಿರುಪು ಕಂಬಿಗಳು) ಎಂ8, ಅಂದರೆ 8 ಮಿಲಿಮೀಟರಿನವು. ಹಳೆ ಎಂಜಿನಿನಲ್ಲಿ ಒಂದೆರಡು ಮುರಿಯದೆ ಬಿಡುವುದಿಲ್ಲ. ಹಿಂದಿನ ದಿನವೇ ಎಣ್ಣೆ ಬಿಡಿ, ಎಂಜಿನನ್ನು ಕಾರಿಗೆ ಇಳಿಸುವ ಮೊದಲೇ ಬಿಚ್ಚಿ. ಮುರಿದರೆ ನೆಲದ ಮೇಲೆ ಇರುವಾಗ ಡ್ರಿಲ್ ನೇರ ಹಿಡಿಯಬಹುದು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ತೂತು ಓರೆಯಾದರೆ ಕಥೆ ಮುಗಿಯಿತು.

ಪೈಪಿನ ದಾರಿ ಹುಡುಕಲು ನಮಗೊಂದು ಅನುಕೂಲ ಇದೆ. ಅಡಿಕೆ ತೋಟದ ಕಪ್ಪು ನೀರಿನ ಪೈಪ್. 32 ಮಿಲಿಮೀಟರಿನದ್ದು ನಮ್ಮ 35ಕ್ಕೆ ಹತ್ತಿರ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಬೇಕಾದ ಹಾಗೆ ಬಗ್ಗಿಸಿ, ಒಳಗೆ ವೆಲ್ಡಿಂಗ್ ಕಂಬಿ ತೂರಿಸಿದರೆ ಆಕಾರ ಹಾಗೇ ನಿಲ್ಲುತ್ತದೆ. ನಾಲ್ಕೂ ಪೈಪನ್ನು ಹೀಗೆ ಇಟ್ಟು, ಎಲ್ಲೂ ತಾಗದೆ ಬಂತು ಅನಿಸಿದ ಮೇಲೆ ನಟ್‌ಗಳಿಗೆ ಸ್ಪ್ಯಾನರ್ ಹೋಗುತ್ತದೆಯೇ ನೋಡಿ. ಇದನ್ನು ಮರೆಯುವವರೇ ಹೆಚ್ಚು. ಪೈಪ್ ಚಂದ ಬಂದಿರುತ್ತದೆ, ಆದರೆ ಮೂರನೇ ಸಿಲಿಂಡರಿನ ಕೆಳಗಿನ ನಟ್ ಬಿಗಿಯಲು ಕೈಯೇ ಹೋಗುವುದಿಲ್ಲ. ಪ್ಲಗ್ ತೆಗೆಯಲು, ಆಯಿಲ್ ಕಡ್ಡಿ ಎಳೆಯಲು ಜಾಗ ಇದೆಯೇ ಅದನ್ನೂ ಈಗಲೇ ನೋಡಿ.

ಸೀತಾಂಗೋಳಿ ಕಡೆಯ ಒಬ್ಬ ಇಚ್ಚ (ಅಣ್ಣ) ನಮಗೆ ಟಿಗ್ ಕೆಲಸ ಮಾಡಿಕೊಡುತ್ತಾರೆ. ಮಾಷ್ಟ್ರು ಅವಸರ ಮಾಡಿದಾಗ ಅವರು ಹೇಳಿದ್ದು, 'ಮಾಷ್ಟ್ರೇ, ಟ್ಯಾಕ್ ಹಾಕಿದ್ದನ್ನು ಕೊಯ್ಯಲು ಒಂದು ನಿಮಿಷ, ಪೂರ್ತಿ ಬೆಸುಗೆ ಹಾಕಿದ್ದನ್ನು ಕೊಯ್ಯಲು ನಿಮ್ಮ ಒಂದು ತಿಂಗಳ ಪೆನ್ಶನ್.' ಟ್ಯಾಕ್ ಅಂದರೆ ಹಿಡಿದು ನಿಲ್ಲಲು ಮಾತ್ರ ಹಾಕುವ ಚುಕ್ಕೆ ಬೆಸುಗೆ. ಆ ಕ್ರಮವೇ ಸರಿ. ಕಾರಿನಲ್ಲಿ ಇರುವಾಗ ಟ್ಯಾಕ್ ಮಾತ್ರ, ಪ್ರತಿ ಜೋಡಣೆಗೆ ಮೂರು ಕಡೆ. ಬ್ಯಾಟರಿ ಬಿಚ್ಚಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪ್ಲಗ್ ತೆಗೆದಿಡಿ. ಅರ್ತ್ ಕ್ಲಿಪ್ಪನ್ನು ಹೆಡರಿಗೇ ಹಾಕಿ, ಬಾಡಿಗೆ ಅಲ್ಲ. ಪೆಟ್ರೋಲ್ ಲೈನಿನ ಬಾಯಿ ಮುಚ್ಚಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ.

ಪೂರ್ತಿ ಬೆಸುಗೆ ಮೇಜಿನ ಮೇಲೆ. ಫ್ಲೇಂಜನ್ನು ಒಂದು ಗುಜರಿ ಹೆಡ್ಡಿಗೆ ಅಥವಾ ಒಂದಿಂಚು ದಪ್ಪದ ಪ್ಲೇಟಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಒಂದೇ ಪೈಪನ್ನು ಸುತ್ತಲೂ ಒಮ್ಮೆಲೇ ಮುಗಿಸಬೇಡಿ. ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಹಾಕುತ್ತಾ ಹೋಗಿ, ಪೂರ್ತಿ ತಣಿದ ಮೇಲೆಯೇ ಬಿಚ್ಚಿ. 304ಕ್ಕೆ 308ಎಲ್ ಕಂಬಿ. ಫ್ಲೇಂಜ್ ಕಬ್ಬಿಣದ್ದು, ಪೈಪ್ ಸ್ಟೇನ್‌ಲೆಸ್ ಆದರೆ ಅಲ್ಲಿ 309ಎಲ್. ಪೈಪಿನ ಒಳಗೂ ಆರ್ಗಾನ್ ಬಿಡಬೇಕು. ಇಲ್ಲದಿದ್ದರೆ ಬೆಸುಗೆಯ ಒಳಬದಿ ಸುಟ್ಟ ಸಕ್ಕರೆಯ ಹಾಗೆ ಕಪ್ಪಾಗಿ ಗಂಟುಗಟ್ಟುತ್ತದೆ, ಬಿರುಕು ಅಲ್ಲಿಂದಲೇ ಶುರು. ಬಿಚ್ಚಿದ ಮೇಲೆ ಫ್ಲೇಂಜಿನ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. 0.1 ಮಿಲಿಮೀಟರಿನ ಎಲೆ ಒಳಗೆ ಹೋದರೆ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ನಟ್ ಬಿಗಿದರೆ ಸರಿಯಾಗುತ್ತದೆ ಅನ್ನುವವರ ಮಾತು ಕೇಳಬೇಡಿ, ಆಗ ಹೋಗುವುದು ಸ್ಟಡ್.

ಸೆನ್ಸರ್

ಕಾರ್ಬೊರೇಟರ್ ಎಂಜಿನ್ ಇದ್ದವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಎಂಪಿಎಫ್ಐ ಎಂಜಿನಿನಲ್ಲಿ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಿ ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರಿಗೆ ಹೆಡರಿನಲ್ಲಿ ಜಾಗ ಬೇಕು. ಎಂ18, 1.5 ಪಿಚ್ಚಿನ ಬುಶ್ (ಸೆನ್ಸರ್ ತಿರುಗಿಸಿ ಕೂರಿಸುವ ತಿರುಪಿನ ಬಳೆ) ತಂದು ಬೆಸುಗೆ ಹಾಕಬೇಕು. ನಾಲ್ಕೂ ಪೈಪ್ ಸೇರಿದ ಮೇಲೆ ಇರಲಿ, ಆಗ ನಾಲ್ಕೂ ಸಿಲಿಂಡರಿನ ಹೊಗೆಯನ್ನು ಅದು ನೋಡುತ್ತದೆ. ಒಂದೇ ವೈರಿನ ಸೆನ್ಸರ್ ಆದರೆ ಅದಕ್ಕೆ ಒಳಗೆ ಹೀಟರ್ ಇಲ್ಲ, ಹೊಗೆಯ ಬಿಸಿಯಿಂದಲೇ ಕಾಯಬೇಕು. ಹೆಡರಿನಲ್ಲಿ ದೂರ ಹೋದಷ್ಟೂ ತಣ್ಣಗೆ. ಅಂಥ ಕಡೆ ಹೀಟರ್ ಇರುವ ಸೆನ್ಸರ್ ಹಾಕುವುದೇ ವಾಸಿ. ಸೆನ್ಸರಿನ ಮೂತಿ ಯಾವತ್ತೂ ಕೆಳಮುಖ ಇರಬೇಕು, ಅಡ್ಡ ಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಿಂದ ಇಳಿದು ಬರಬೇಕು. ಪೈಪಿನ ತಳಕ್ಕೆ ಹಾಕಿದರೆ ಬೆಳಗಿನ ತೇವದ ನೀರು ಅದರ ಮೇಲೆ ನಿಂತು ಒಳಗಿನ ಪಿಂಗಾಣಿ ಒಡೆಯುತ್ತದೆ.

ಬಿಗಿಯುವುದು

ಇಲ್ಲಿ ಒಂದೇ ನಿಯಮ. ಹಿಂದಿನ ಬಂಪರಿನವರೆಗೆ ಎಲ್ಲ ಪೈಪ್ ಕೂರುವ ತನಕ ಯಾವುದನ್ನೂ ಪೂರ್ತಿ ಬಿಗಿಯಬೇಡಿ. ಹೊಸ ಗ್ಯಾಸ್ಕೆಟ್ ಇಡಿ, ಹೆಡರ್ ನೇತುಹಾಕಿ, ನಟ್ ಬೆರಳಲ್ಲಿ ತಿರುಗಿಸಿ. ಆಮೇಲೆ ಫ್ಲೆಕ್ಸ್ ಪೈಪ್, ಅಂದರೆ ಸುಕ್ಕು ಸುಕ್ಕಾದ ಮೆತ್ತನೆಯ ಜೋಡಣೆ. ಎಂಜಿನ್ ಅಲುಗುತ್ತದೆ, ಬಾಡಿಗೆ ನೇತುಹಾಕಿದ ಸೈಲೆನ್ಸರ್ ಅಲುಗುವುದಿಲ್ಲ. ನಡುವೆ ಇದು ಇಲ್ಲದಿದ್ದರೆ ಆ ಎಳೆದಾಟ ಪೂರ್ತಿ ಹೆಡರಿನ ಬೆಸುಗೆಗೆ. ಫ್ಲೆಕ್ಸ್ ಪೈಪಿಗೆ ಮೊದಲು ಗೇರ್‌ಬಾಕ್ಸಿನಿಂದ ಒಂದು ಬ್ರಾಕೆಟ್ ಕೊಡಿ. ಹೆಡರ್ ತನ್ನ ಭಾರವನ್ನು ಹೊತ್ತರೆ ಸಾಕು, ಸೈಲೆನ್ಸರಿನ ಭಾರ ಅದಕ್ಕೆ ಬೇಡ.

ಆಮೇಲೆ ಹೆಡ್ಡಿನ ನಟ್‌ಗಳು. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ. ಎರಡು ಸುತ್ತಿನಲ್ಲಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ 22-23 ನ್ಯೂಟನ್ ಮೀಟರ್. ಎಂ8 ನಟ್‌ಗೆ ಇದಕ್ಕಿಂತ ಜಾಸ್ತಿ ಕೈಬಲ ಬೇಡ. ತಾಮ್ರದ ಲೇಪ ಇರುವ ನಟ್ ಸಿಕ್ಕಿದರೆ ಮುಂದಿನ ಸಲ ಬಿಚ್ಚುವವನು ನಿಮ್ಮನ್ನು ನೆನೆಯುತ್ತಾನೆ. ಅದಾದ ಮೇಲೆ ಹಿಂದಕ್ಕೆ ಒಂದೊಂದೇ ಜೋಡಣೆ ಬಿಗಿಯುತ್ತಾ ಹೋಗಿ. ಯಾವುದಾದರೂ ಜೋಡಣೆಗೆ ಪೈಪನ್ನು ಎಳೆದು ಕೂರಿಸಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ, ಕೊಯ್ದು ಸರಿಮಾಡಿ.

ಸ್ಟಾರ್ಟ್ ಮಾಡುವ ಮೊದಲು ಸೋರಿಕೆ ನೋಡಿಬಿಡಿ. ಹಿಂದಿನ ಪೈಪಿಗೆ ಬಟ್ಟೆ ಸುತ್ತಿ ಬ್ಲೋವರಿನಿಂದ ಗಾಳಿ ಕೊಡಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ. ಗುಳ್ಳೆ ಬಂದ ಕಡೆ ಸೋರುತ್ತಿದೆ. ಸೆನ್ಸರಿನ ಮೊದಲು ಸೋರಿಕೆ ಇದ್ದರೆ ಅದು ಬರೀ ಸದ್ದಿನ ವಿಷಯ ಅಲ್ಲ. ಹೊಗೆಯ ಅಲೆಗಳ ನಡುವೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಸೆನ್ಸರ್ 'ಪೆಟ್ರೋಲ್ ಕಡಿಮೆ' ಎಂದು ತಪ್ಪು ಹೇಳುತ್ತದೆ, ಇಸಿಯು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು, ಪ್ಲಗ್ ಕಪ್ಪಾಯಿತು ಅಂತ ಇಂಜೆಕ್ಟರ್ ಬದಲಿಸುತ್ತಾ ಕೂರುವವರು ಮೊದಲು ಗ್ಯಾಸ್ಕೆಟ್ ನೋಡಲಿ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಬರುತ್ತದೆ, ವಾಸನೆ ಬರುತ್ತದೆ. ಪೈಪಿನ ಮೇಲಿನ ಎಣ್ಣೆ ಸುಡುವುದು ಅದು. ಮೊದಲೇ ಥಿನ್ನರಿನಲ್ಲಿ ಒರೆಸಿ, ಪೂರ್ತಿ ಆರಿಸಿದ್ದರೆ ಕಡಿಮೆ. ಸ್ಟೇನ್‌ಲೆಸ್ಸಿನ ಮೇಲೆ ಬೆರಳಿನ ಗುರುತು ಉಳಿದಿದ್ದರೆ ಬಿಸಿಗೆ ಅದು ಶಾಶ್ವತ ಕಲೆ. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ, ಪೂರ್ತಿ ತಣಿಯಲು ಬಿಡಿ, ನಟ್‌ಗಳಿಗೆ ಮತ್ತೆ ಅದೇ ಟಾರ್ಕ್ ಕೊಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ. ಬಿಸಿ ಇರುವಾಗ ಬಿಗಿಯಬೇಡಿ.

ನಂತರ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ರಿವರ್ಸ್ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪ ಬಿಡಿ. ಪಕ್ಕದಲ್ಲಿ ನಿಂತವರು ಬಾನೆಟ್ ತೆರೆದು ಹೆಡರಿನ ಕಡೆ ನೋಡಲಿ, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲುವುದು ಬೇಡ. ಮಾಷ್ಟ್ರ ಫಿಯೆಟಿನಲ್ಲಿ ಕ್ರಾಸ್ ಮೆಂಬರಿನಿಂದ ಒಂದು ಬೆರಳು ಜಾಗ ಉಳಿಯಿತು. ಅಷ್ಟು ಸಾಕು.

ಬಿಸಿ ಮತ್ತು ಮಳೆ

ಹೆಡರಿಗೆ ಸುತ್ತುವ ಬಿಳಿ ಪಟ್ಟಿ ಈಗ ಎಲ್ಲರಿಗೂ ಬೇಕು. ನಮ್ಮೂರಿಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಪಟ್ಟಿ ನೀರು ಕುಡಿದು ಪೈಪಿಗೆ ಅಪ್ಪಿಕೊಂಡಿರುತ್ತದೆ. ಕಬ್ಬಿಣದ ಪೈಪ್ ಒಳಗೊಳಗೇ ತುಕ್ಕು ಹಿಡಿದು, ಪಟ್ಟಿ ಬಿಚ್ಚಿದಾಗ ಪದರ ಪದರವಾಗಿ ಕೈಗೆ ಬರುತ್ತದೆ. ಬದಲಿಗೆ ಒಂದು ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನಲ್ಲಿ ಅಡ್ಡಗೋಡೆ ಮಾಡಿ. ಪೈಪಿನಿಂದ ಒಂದೂವರೆ ಸೆಂಟಿಮೀಟರ್ ದೂರ ಇರಲಿ, ನಡುವಿನ ಗಾಳಿಯೇ ಬಿಸಿ ತಡೆಯುತ್ತದೆ. ಬ್ರೇಕ್ ಪೈಪ್, ಕ್ಲಚ್ ಕೇಬಲ್, ಕಾಲಿನ ಕಡೆಯ ತಳದ ತಗಡು, ಇಷ್ಟಕ್ಕೆ ಕೊಟ್ಟರೆ ಸಾಕು. ತಳದ ತಗಡಿನ ಒಳಗಡೆ ಕಾರ್ಪೆಟ್ ಇರುತ್ತದೆ ಎನ್ನುವುದು ನೆನಪಿರಲಿ.

ಕೆಳಗೆ ಎಷ್ಟು ಜಾಗ ಉಳಿದಿದೆ ಅದನ್ನೂ ಅಳೆಯಿರಿ. ನಾಲ್ಕು ಜನ ಕೂತಾಗ ಪೈಪುಗಳು ಸೇರುವ ಗಂಟು ಕ್ರಾಸ್ ಮೆಂಬರಿಗಿಂತ ಕೆಳಗೆ ಬರಬಾರದು. ನಮ್ಮ ಒಳದಾರಿಯ ಹಂಪ್‌ಗಳಿಗೆ ಅಳತೆ ಇಲ್ಲ, ಮುರಕಲ್ಲಿನ ದಾರಿಯಲ್ಲಿ ನಡುವೆ ಉಬ್ಬು ಬೇರೆ.

ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಕೊರೆಯಿರಿ. ಹೊಗೆಯಲ್ಲಿ ನೀರಿನ ಆವಿ ಇದ್ದೇ ಇರುತ್ತದೆ. ಬದಿಯಡ್ಕ ಪೇಟೆಗೆ ಹೋಗಿ ಹತ್ತು ನಿಮಿಷದಲ್ಲಿ ಮನೆ ಸೇರುವ ಕಾರಿನಲ್ಲಿ ಅದು ಒಣಗುವಷ್ಟು ಬಿಸಿಯೇ ಬರುವುದಿಲ್ಲ. ಮಾಷ್ಟ್ರಿಗೆ ಹೇಳಿದ್ದೇನೆ, ವಾರಕ್ಕೊಮ್ಮೆಯಾದರೂ ಮಂಗಳೂರಿನವರೆಗೆ ಓಡಿಸಿ ಅಂತ. ಮೊಮ್ಮಕ್ಕಳು ಅಲ್ಲೇ ಇದ್ದಾರೆ, ಅವರಿಗೆ ನೆಪ ಸಿಕ್ಕಿತು.